ಬೂಟು, ಬ್ಯಾಟು ಮತ್ತು ನಾನು

ನಾನು ಒಂದು ಚರ್ಮದ ಚೀಲ. ಇಂಗ್ಲೆಂಡಿನ ವಾಲ್ಸಾಲ್ ಎಂಬ ಊರಲ್ಲಿ, ಕುದುರೆಗೆ ಜೀನು ಹೊಲಿಯುವವನ ಅಂಗಡಿಯಲ್ಲಿ ಹುಟ್ಟಿದೆ. ಇಪ್ಪತ್ತನೆಯ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ನನ್ನನ್ನು ಹೊಲಿಸಿಕೊಂಡವನು ಎಡ್ವಿನ್ ಗ್ರೆಟನ್. ಚಳಿಗಾಲದಲ್ಲಿ ಊರಿನ ಕ್ಲಬ್ಬಿಗೆ ಫುಟ್‌ಬಾಲ್, ಬೇಸಿಗೆಯಲ್ಲಿ ಕೌಂಟಿ, ಅಂದರೆ ಜಿಲ್ಲೆಯ, ತಂಡಕ್ಕೆ ಕ್ರಿಕೆಟ್, ಎರಡನ್ನೂ ಸಂಬಳಕ್ಕೆ ಆಡುವವ. "ಬ್ಯಾಟೂ ಹಿಡೀಬೇಕು, ಬೂಟೂ ಹಿಡೀಬೇಕು, ಹಾಗೆ ಹೊಲಿದುಕೊಡಿ" ಎಂದ. ಅಂಗಡಿಯವನು ತಲೆ ಕೆರೆದುಕೊಂಡು, ಒಂದು ಮಗುವನ್ನು ಮಲಗಿಸುವಷ್ಟು ಉದ್ದಕ್ಕೆ ನನ್ನನ್ನು ಹೊಲಿದ.

ನನಗೆ ಬ್ಯಾಟೆಂದರೆ ಇಷ್ಟ. ಅಗಸೆ ಎಣ್ಣೆ ಹಚ್ಚಿಸಿಕೊಂಡು ಮದುಮಗನ ಹಾಗೆ ಬರುತ್ತಿತ್ತು. ಬೂಟುಗಳ ಮಾತೇ ಬೇಡ. ಕೆಸರು ಮೆತ್ತಿಕೊಂಡು, ಬೆವರು ಕುಡಿದು ಬಂದು ಬೀಳುತ್ತಿದ್ದವು. ಆದರೂ ಎರಡನ್ನೂ ಒಂದೇ ಹೊಟ್ಟೆಯಲ್ಲಿ ಹಾಕಿಕೊಂಡು ಎಡ್ವಿನ್ನನ ಹಿಂದೆ ಊರೂರು ಅಲೆದೆ.

ಆಟಗಾರರು ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ ಸಾಲಾಗಿ ಗೂಟಗಳಿರುತ್ತವೆ. ಆಟದ ಕಾಲ ಶುರುವಾದ ಮೊದಲ ದಿನ ಬಂದವರು ತಮಗೆ ಬೇಕಾದ್ದನ್ನು ಹಿಡಿಯುತ್ತಾರೆ. ಆಮೇಲೆ ಅದು ಅವರದೇ. ಕ್ರಿಕೆಟ್ ಶುರುವಾಗುವಾಗ ಎಡ್ವಿನ್‌ಗೆ ಫುಟ್‌ಬಾಲ್ ಮುಗಿದಿರುತ್ತಿರಲಿಲ್ಲ. ಫುಟ್‌ಬಾಲ್ ಶುರುವಾಗುವಾಗ ಕ್ರಿಕೆಟ್ ಬಿಟ್ಟಿರುತ್ತಿರಲಿಲ್ಲ. ಎರಡೂ ಕಡೆ ಅವನಿಗೆ ಬಾಗಿಲ ಸಂದಿಯ ಗೂಟವೇ ಗತಿ. ನಾನು ಕೆಳಗೆ, ಹೋಗಿಬರುವವರ ಕಾಲಡಿಯಲ್ಲಿ.

"ಬಂದ್ರಪ್ಪ ಕ್ರಿಕೆಟ್ ಸಾಹೇಬ್ರು! ಚಹಾ ತನ್ರೋ!" ಎಂದು ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಡಾಬ್ಸನ್ ರೇಗಿಸುತ್ತಿದ್ದ. ಕೌಂಟಿಯ ವಿಕೆಟ್ ಕೀಪರ್ ಪಿಮ್ ಏನು ಕಡಿಮೆಯೇ? "ಎಡ್ವಿನ್, ಇಲ್ಲಿ ಚೆಂಡಿಗೆ ಕಾಲು ಕೊಟ್ರೆ ಔಟು ಮಾರಾಯ, ನೆನಪಿರಲಿ!" ಪ್ರೀತಿಯ ಮಾತುಗಳೇ. ಎಡ್ವಿನ್ ನಗುತ್ತಿದ್ದ. ಮನೆಯಲ್ಲಿ ಹೆಂಡತಿ ಹ್ಯಾನಾಳ ಮುಂದೆ ಮಾತ್ರ ಒಮ್ಮೆ ಬಾಯಿಬಿಟ್ಟ.

"ಎರಡರಲ್ಲಿ ಒಂದು ಕಡೆಯೋರಾದ್ರೂ 'ಇವನು ನಮ್ಮವನು' ಅಂದಿದ್ರೆ ಸಾಕಿತ್ತು ಕಣೇ."

"ಹಾಗಾದ್ರೆ ಒಂದನ್ನ ಬಿಟ್ಟುಬಿಡು."

"ಯಾವುದನ್ನ ಬಿಡಲಿ?" ಎಂದ. ಹ್ಯಾನಾ ಸಾರು ಬಡಿಸಿದಳು.

ಒಮ್ಮೆ ಅವನು ನೂರು ಹೊಡೆದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗ ಸಂಬಳ ಪಡೆಯದೆ ಆಡುವ ಸಿರಿವಂತರು ನಡುವಿನ ದೊಡ್ಡ ಗೇಟಿನಿಂದ, ಸಂಬಳದವರು ಪಕ್ಕದ ಗೇಟಿನಿಂದ ಒಳಬರುವ ಪದ್ಧತಿ. ಜೊತೆಗೆ ಆಡುತ್ತಿದ್ದ ನಾಯಕ ದೊಡ್ಡ ಗೇಟಿನ ಕಡೆ ತಿರುಗಿದ. ಚಪ್ಪಾಳೆಯೂ ಆ ಕಡೆಗೇ ಹೋಯಿತು. ಎಡ್ವಿನ್ ಒಬ್ಬನೇ ನಾನಿದ್ದ ಪಕ್ಕದ ಗೇಟಿಗೆ ಬಂದು, ಬೆವರೊರೆಸಿಕೊಂಡು, ಬ್ಯಾಟನ್ನು ನನ್ನೊಳಗೆ ಮಲಗಿಸಿದ.

ಕೆಲವು ವರ್ಷಗಳ ಮೇಲೆ, ಒಂದು ಫೆಬ್ರವರಿಯಲ್ಲಿ, ನನ್ನೊಳಗೆ ಒಂದೇ ಬೂಟು ಬಂತು. ಇನ್ನೊಂದನ್ನು ಕಾಲಿನಿಂದ ಕತ್ತರಿಸಿ ತೆಗೆಯಬೇಕಾಗಿತ್ತು. ಆಟದಲ್ಲಿ ಮಂಡಿ ಮುರಿದಿತ್ತು. ಆಸ್ಪತ್ರೆಯಲ್ಲಿ ನಾನು ಮಂಚದ ಕೆಳಗಿದ್ದೆ. ಹೆಜ್ಜೆ ಸಪ್ಪಳವಾದಾಗಲೆಲ್ಲ ಮೇಲೆ ಮಂಚ ಕಿರುಗುಟ್ಟುತ್ತಿತ್ತು, ಅವನು ತಲೆಯೆತ್ತಿ ನೋಡುತ್ತಿದ್ದ. ನರ್ಸು ಬರುತ್ತಿದ್ದಳು, ಹ್ಯಾನಾ ಬರುತ್ತಿದ್ದಳು. ಮತ್ಯಾರೂ ಬರಲಿಲ್ಲ.

ಆಮೇಲೆ ಹ್ಯಾನಾಗೆ ಸಂತೆಯಲ್ಲಿ ಡಾಬ್ಸನ್ ಸಿಕ್ಕನಂತೆ. "ಬರೋಣ ಅಂತಿದ್ವಿ ತಾಯಿ. ಕೌಂಟಿಯೋರೆಲ್ಲ ಸುತ್ತ ಕೂತಿರ್ತಾರೆ, ನಮಗೆಲ್ಲಿ ಜಾಗ ಅಂತ ಸುಮ್ಮನಾದ್ವಿ" ಎಂದನಂತೆ. ಪಿಮ್ ಹೇಳಿದ್ದೂ ಅದೇ: ಊರಲ್ಲೇ ಫುಟ್‌ಬಾಲಿನವರು ಇದ್ದಾರಲ್ಲ ಅಂದುಕೊಂಡರಂತೆ. ತವರಿನವರು ಗಂಡನ ಮನೆಯನ್ನು ನೆಚ್ಚಿ, ಗಂಡನ ಮನೆಯವರು ತವರನ್ನು ನೆಚ್ಚಿ, ನಡುವೆ ಬಾಣಂತಿ ಉಪವಾಸ ಬಿದ್ದ ಹಾಗಾಯಿತು. ಆ ಮಂಡಿಯಿಂದ ಅವನ ಆಟ ಮುಗಿಯಿತು, ಬೀಳ್ಕೊಡುಗೆಯೂ ಹೀಗೆಯೇ ನಡೆಯದೆ ಹೋಯಿತು. ಹ್ಯಾನಾ ಇದನ್ನೆಲ್ಲ ಹೇಳಿದಾಗ ಎಡ್ವಿನ್, "ಇರ್ಲಿ ಬಿಡು, ಪಾಪ" ಎಂದು ಗೋಡೆಯ ಕಡೆ ಹೊರಳಿ ಮಲಗಿದ.

ಅವನು ಹೊಗೆಸೊಪ್ಪಿನ ಅಂಗಡಿ ಇಟ್ಟ. ನಾನು ಗಲ್ಲಾಪೆಟ್ಟಿಗೆಯ ಕೆಳಗೆ, ಹಳೆಯ ಕಾಗದ ತುಂಬಿಕೊಂಡು ಕೂತೆ. "ನೀವು ಫುಟ್‌ಬಾಲ್ ಆಡ್ತಿದ್ದವರಲ್ವೇ?" ಎಂದು ಒಬ್ಬರು, "ಕ್ರಿಕೆಟ್ ಅಲ್ವೇ?" ಎಂದು ಇನ್ನೊಬ್ಬರು ಕೇಳುತ್ತಿದ್ದರು. ಇಬ್ಬರಿಗೂ ಹೌದೆನ್ನುತ್ತಿದ್ದ. ಬರಬರುತ್ತಾ ಕೇಳುವವರೂ ಇಲ್ಲವಾದರು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವನು ಮಂಡಿ ನೀವಿಕೊಳ್ಳುತ್ತ ಬೀದಿ ನೋಡುತ್ತಿದ್ದ.

ಒಂದು ನವೆಂಬರಿನಲ್ಲಿ, ಎದೆಯಲ್ಲಿ ಕಫ ಕಟ್ಟಿ, ತೀರಿಕೊಂಡ.

ಆ ದಿನ ಬಂದರು ನೋಡಿ! ಎರಡೂ ತಂಡದ ಹಳಬರು, ಕಪ್ಪು ಕೋಟು ಹಾಕಿಕೊಂಡು, ಒಂದೇ ಹೊತ್ತಿಗೆ.

"ನಮ್ಮ ಎಡ್ವಿನ್‌ನ ನಾವೇ ಹೊರ್ತೀವಿ" ಎಂದ ಡಾಬ್ಸನ್.

"ಅದು ಹೇಗಾಗುತ್ತೆ? ಅವನು ನಮ್ಮವನು" ಎಂದ ಪಿಮ್.

ಮಾತಿಗೆ ಮಾತು ಬೆಳೆಯಿತು. ಬಾಗಿಲಲ್ಲಿ ನಿಂತಿದ್ದ ಹ್ಯಾನಾ ಇಬ್ಬರನ್ನೂ ನೋಡಿದಳು. "ಈ ಜಗಳಾನ ಅವನು ಬದುಕಿದ್ದಾಗ ಬಂದು ಆಡಬಾರದಿತ್ತೇನ್ರಪ್ಪ? ಎಷ್ಟು ಖುಷಿ ಪಡ್ತಿದ್ದ!"

ಇಬ್ಬರೂ ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದರು. ಕೊನೆಗೆ ತಲೆಯ ಕಡೆ ಅವರು, ಕಾಲಿನ ಕಡೆ ಇವರು ಹೊತ್ತುಕೊಂಡು ಹೋದರು.

ಈಗ ನಾನು ಹ್ಯಾನಾಳ ಅಟ್ಟದ ಮೂಲೆಯಲ್ಲಿದ್ದೇನೆ. ಚರ್ಮ ಬಿರಿದಿದೆ, ಕೊಂಡಿ ತುಕ್ಕು ಹಿಡಿದಿದೆ. ನಾನು ಚೀಲ, ಯಾರು ಎತ್ತಿಕೊಂಡರೆ ಅವರ ಸ್ವತ್ತು, ಅಷ್ಟು ಸಾಕು ನನಗೆ. ಮನುಷ್ಯನಿಗೆ ಅಷ್ಟು ಸಾಲದು. ನಮ್ಮವನು ಅಂತ ಬಾಯಿಬಿಟ್ಟು ಹೇಳಬೇಕು, ಅದೂ ಅವನ ಕಿವಿಗೆ ಬೀಳುವಾಗ.