ಇಲ್ಲ ಅಂತ ಬರೆದ ಮನೆ

ಕಲ್ಲು, ಕಲ್ಲಿನ ಹಿಂದೆ ಮತ್ತೆ ಕಲ್ಲು, ಒಂದರ ಬೆನ್ನಿಗೊಂದು ಆನಿಸಿಟ್ಟ ಹಾಸುಗಲ್ಲಿನ ಸಾಲು ಕಿಟಕಿಯಲ್ಲಿ ಓಡುತ್ತಿದೆ, ಅಂದರೆ ಶಹಾಬಾದ್ ಬಂತು, ಇನ್ನು ವಾಡಿ, ವಾಡಿ ಆದ ಮೇಲೆ ಚಿತ್ತಾಪುರ, ಅಷ್ಟರೊಳಗೆ ಅಕ್ಕನಿಗೆ ಏನಾದರೂ ಹೇಳಬೇಕು — ಭೀಮಮ್ಮ ಭುಜ ಅಲುಗಿಸದೆ ಕೂತಿದ್ದಾಳೆ, ಭುಜದ ಮೇಲೆ ಅಕ್ಕ ಜಗದೇವಿಯ ತಲೆ, ಎಷ್ಟು ಹಗುರವಾಗಿದೆ ಈ ತಲೆ, ಒಣಗಿದ ಸೋರೆಬುರುಡೆಯ ಹಾಗೆ, ಇದೇ ತಲೆಯ ಮೇಲೆ ಎರಡು ಕೊಡ ಹೊತ್ತು ಹಳ್ಳದ ದಿಬ್ಬ ಹತ್ತಿ ಬರುತ್ತಿದ್ದಳು, ಹಿಂದೆ ಓಡೋಡಿ ಬರುತ್ತಿದ್ದ ತಂಗಿಗೆ ತಿರುಗಿಯೂ ನೋಡದೆ ಬಿದ್ದೀ ಹುಡುಗಿ ಅನ್ನುತ್ತಿದ್ದಳು, ನೋಡದೆಯೇ ಗೊತ್ತಾಗುತ್ತಿತ್ತು ಅವಳಿಗೆ. ನಿದ್ದೆಯೋ, ಸುಮ್ಮನೆ ಕಣ್ಣು ಮುಚ್ಚಿದ್ದಾಳೋ. ಎದುರು ಸೀಟಿನಲ್ಲಿ ಭಾವ ಅಂಬರಾಯ ಆಸ್ಪತ್ರೆಯ ಫೈಲನ್ನು ತೊಡೆಯ ಮೇಲಿಟ್ಟು ಎರಡೂ ಅಂಗೈಯಿಂದ ಒತ್ತಿ ಹಿಡಿದಿದ್ದಾನೆ, ಒಳಗೆ ಬರೆದದ್ದು ಎದ್ದು ಹೊರಗೆ ಬಂದುಬಿಡುತ್ತದೇನೋ ಎನ್ನುವ ಹಾಗೆ. ಕಲಬುರಗಿಯ ಆ ಡಾಕ್ಟರಮ್ಮ ಇನ್ನೂ ಸಣ್ಣ ವಯಸ್ಸಿನವಳು, ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ ಬನ್ನಿ ಅಂದಾಗಲೇ ಗೊತ್ತಾಯಿತು, ಕ್ಯಾನ್ಸರ್ ಎಲುಬಿಗೆ ಹೋಗಿದೆ, ಲಿವರಿಗೂ ಹೋಗಿದೆ, ಈಗ ಆಪರೇಶನ್ ಮಾಡಿ ಉಪಯೋಗವಿಲ್ಲ, ಕೀಮೋ ಕೊಟ್ಟರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಸುಸ್ತೂ ವಾಂತಿಯೂ ಇರುತ್ತದೆ, ಬೇಡ ಅಂದರೆ ನೋವಿಗೆ ಒಳ್ಳೆಯ ಮಾತ್ರೆ ಇವೆ, ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಬಹುದು, ಎರಡೂ ತಪ್ಪಲ್ಲ, ಆದರೆ ಅವರನ್ನೂ ಕೇಳಿ, ಸೋಮವಾರ ಬನ್ನಿ. ಆಮೇಲೆ ತಲೆ ಎತ್ತಿ, ಇಷ್ಟು ದಿನ ಎಲ್ಲಿದ್ರಿ. ಗೇಟಿನ ಹೊರಗೆ ಬಂದ ಮೇಲೆ ಭಾವ ಹೇಳಿದ್ದು ಒಂದೇ ಮಾತು, ಅಕಿಗಿ ಹೇಳಬ್ಯಾಡ ಭೀಮಮ್ಮ, ಅಂಜಿ ಸಾಯ್ತಾಳ. ಅಂಜದೇ ಇದ್ದರೆ ಸಾಯುವುದಿಲ್ಲವೇ — ಛೇ, ಎಂಥ ಮಾತು ಬಾಯಿಗೆ ಬರುತ್ತದೆ.

ಎಲ್ಲಿದ್ದಿರಿ. ಎಲ್ಲಿದ್ದೆ ನಾನು, ಅದೇ ಊರಲ್ಲಿ, ಅಕ್ಕನ ಮನೆಯಿಂದ ನಾಲ್ಕನೇ ಮನೆಯಲ್ಲಿ, ಗುಲಾಬಿ ಸೀರೆ ಉಟ್ಟು ಕೊರಳಲ್ಲಿ ಆಶಾ ಕಾರ್ಯಕರ್ತೆ ಎಂಬ ಕಾರ್ಡು ಹಾಕಿಕೊಂಡು ಹನ್ನೆರಡು ವರ್ಷ, ಯಾರ ಮನೆಯ ಬಾಣಂತಿಗೆ ಯಾವ ದಿನ ಸೂಜಿ, ಯಾವ ಮುದುಕನಿಗೆ ಬಿ.ಪಿ. ಗುಳಿಗೆ, ಎಲ್ಲ ಬಾಯಿಪಾಠ. ಚಿತ್ತಾಪುರದ ತರಬೇತಿಯಲ್ಲಿ ಬಟ್ಟೆಯ ಎದೆ ಮಾಡಿ ತಂದಿದ್ದರು, ಒಳಗೆ ಹತ್ತಿ, ಹತ್ತಿಯೊಳಗೆ ಒಂದು ಮಣಿ, ಮೂರು ಬೆರಳಿನಿಂದ ಸುತ್ತಲೂ ಒತ್ತಿ ಹುಡುಕಿ ಅಂದರೆ ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು, ಅಲ್ಲಿ ಮಣಿಯನ್ನು ಮೊದಲು ಹಿಡಿದವಳು ಭೀಮಮ್ಮ. ನೋವಿಲ್ಲದ ಗಂಟೇ ಕಳ್ಳ ಅಂತ ಅವತ್ತು ನರ್ಸಮ್ಮ ಹೇಳಿದ್ದು ಮನೆಮನೆಗೆ ಹೇಳುತ್ತ ತಿರುಗಿದಳು, ಹಸೀನಾಬೇಗಂ ಸಿಕ್ಕಿದ್ದು ಹಾಗೇ, ಬಳೆ ಮಾರುವ ಹಸೀನಾ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಕೇಳಿದ್ದಕ್ಕೆ ಸುಮ್ಮನೆ ಮುಖ ನೋಡಿದಳು, ಎರಡನೇ ಸಲ ಕೇಳಿದಾಗ ಕೈ ಹಿಡಿದು ಒತ್ತಿ ತೋರಿಸಿದಳು, ಅವರೇಕಾಳಿನಷ್ಟು, ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಕರೆದೊಯ್ದಳು ಭೀಮಮ್ಮ, ಆಪರೇಶನ್ ಆಯಿತು, ಐದು ವಾರ ಕರೆಂಟು ಕೊಟ್ಟರು — ರೇಡಿಯೇಶನ್ನಿಗೆ ಊರವರು ಹಾಗೇ ಅನ್ನುವುದು — ಈಗ ಮತ್ತೆ ಬುಟ್ಟಿ ಹೊತ್ತು ಕಾಳಗಿ ಸಂತೆಗೆ ಹೋಗುತ್ತಾಳೆ, ಕಂಡಾಗಲೆಲ್ಲ ದುವಾ ಮಾಡುತ್ತಾಳೆ, ಆ ದುವಾ ಈಗ ಮೈಮೇಲೆ ಕೆಂಡ ಬಿದ್ದ ಹಾಗೆ. ಅಕ್ಕ ಹೇಳಲಿಲ್ಲ. ಹೇಳಬೇಕಿತ್ತಲ್ಲ, ಒಡಹುಟ್ಟಿದ ತಂಗಿ, ಅದೇ ಕೆಲಸ ಮಾಡುವವಳು, ಬಾಯಿ ಬಿಟ್ಟು ಒಂದು ಮಾತು. ಎದೆಯ ಗಂಟನ್ನು ವರ್ಷವಿಡೀ ಮುಚ್ಚಿಟ್ಟುಕೊಂಡು, ಆಮೇಲೆ ಯಾರದೋ ಮಾತು ಕೇಳಿ ಚಂದ್ರಂಪಳ್ಳಿ ಕಡೆಯ ಅಡವಿಯಿಂದ ಸೊಪ್ಪು ತರಿಸಿ ಅರೆದು ಕಟ್ಟಿಕೊಂಡಳು, ಎಂಟು ತಿಂಗಳು, ಮನೆಗೆ ಹೋದಾಗಲೆಲ್ಲ ಊದುಬತ್ತಿ, ಏನಕ್ಕ ಇಷ್ಟು ಊದುಬತ್ತಿ ಅಂದರೆ ದೇವರಿಗೆ ಅನ್ನುತ್ತಿದ್ದಳು, ಊದುಬತ್ತಿಯ ಕೆಳಗೆ ಇನ್ನೊಂದು ವಾಸನೆ, ಮೂಗಿಗೆ ಬಂದಿತ್ತು, ಬಂದಿತ್ತು, ಇಲಿ ಸತ್ತಿರಬೇಕು ಅಂದುಕೊಂಡು ಚಹಾ ಕುಡಿದು ಬಂದಳು. ಕೊನೆಗೆ ಅಕ್ಕನ ಮಗಳು ಶ್ರುತಿ ಸೇಡಂನ ಗಂಡನ ಮನೆಯಿಂದ ಬಂದವಳು ತಾಯಿಯ ರವಿಕೆ ಒಗೆಯಲು ತೆಗೆದುಕೊಂಡು, ಕೀವಿನ ಕಲೆ ಕಂಡು ಕೂಗಿದ್ದು ನಾಲ್ಕು ಮನೆಗೆ ಕೇಳಿಸಿತು. ನಾನು ಕೇಳಿದ್ದೆ, ಮನೆಮನೆಯ ಆರೋಗ್ಯ ಸರ್ವೆಯ ಫಾರ್ಮಿನಲ್ಲಿ ಇದೆ, ಇಲ್ಲ ಅಂತ ಇದೆ, ಅಕ್ಕನೇ ಇಲ್ಲ ಅಂದಳು — ಅಂದಳೇ. ಎರಡು ವರ್ಷದ ಹಿಂದೆ ಶ್ರಾವಣ, ಸಂಜೆಯೊಳಗೆ ಇಪ್ಪತ್ತು ಮನೆ ಮುಗಿಯಬೇಕು, ಮೇಲಿನವರ ಫೋನಿನ ಮೇಲೆ ಫೋನು, ಅಕ್ಕನ ಮನೆ ಹದಿನೇಳನೆಯದು, ನಮ್ಮ ಮನೆಯೇ ಅಲ್ಲವೇ ಎಂದು ಪಡಸಾಲೆಯಲ್ಲಿ ಕೂತು ಬರೆದದ್ದು, ಅಕ್ಕ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು, ಭಾವ ಹೊರಸಿನ ಮೇಲೆ ಕೂತಿದ್ದ, ತಂಬಾಕು ತಿಂತೀಯಾ, ಇಲ್ಲ, ಕೆಮ್ಮು, ಇಲ್ಲ, ಆಮೇಲೆ ಆ ಪ್ರಶ್ನೆ, ಭಾವನ ಮುಂದೆ ಹೇಗೆ ಕೇಳುವುದು, ಎದಿಯಾಗ ಗಂಟು ಅಂತ ತುಟಿಯೊಳಗೇ ಓದಿ, ಇಲ್ಲ ಅಂತ ಹಾಕ್ತೀನಿ ಅಕ್ಕ, ಅಂದು ಗೆರೆ ಎಳೆದಾಯಿತು, ಪೆನ್ನು ಮುಂದಿನ ಸಾಲಿಗೆ ಹೋಗಿತ್ತು. ಅಕ್ಕ ಏನಂದಳು. ಏನೋ ಅಂದಿರಬೇಕು. ಮೊರದ ಸದ್ದು ನಿಂತಿತ್ತೇ.

ರೈಲು ನಿಂತಿದೆ, ವಾಡಿ, ಸಿಮೆಂಟಿನ ಬೂದಿ ಹೊದ್ದ ಗಿಡಗಳು, ಮಧ್ಯಾಹ್ನದ ಬಿಸಿಲು, ಇಲ್ಲಿ ತುಸು ಹೊತ್ತು ನಿಲ್ಲುತ್ತದೆ, ಭಾವ ಚಹಾ ತರುತ್ತೇನೆಂದು ಫೈಲನ್ನು ಸೀಟಿನ ಮೇಲಿಟ್ಟು ಇಳಿದು ಹೋದ, ಅವನ ಬೆನ್ನು ಬಾಗಿಲು ದಾಟಿತೋ ಇಲ್ಲವೋ ಭುಜದ ಮೇಲಿನ ತಲೆ ಮಾತಾಡಿತು, ಕಣ್ಣು ತೆರೆಯದೆ. ಎಷ್ಟ್ ದಿನ ಅಂದಳು ಡಾಕ್ಟರಮ್ಮ. ಸೂಜಿ ಹಚ್ಚಿದ್ರ ಆರಾಮ ಆಗ್ತದ ಅಂದ್ರಕ್ಕ. ನೀ ಸಣ್ಣಾಕಿದ್ದಾಗಿಂದ ಹಿಂಗೇ, ಸುಳ್ಳ ಹೇಳೂಮುಂದ ದನಿ ಸಣ್ಣ ಮಾಡ್ತಿ. ಹೇಳಬಾರದು ಅಂದಿದ್ದಾನೆ ಭಾವ, ಆದರೆ ಭೀಮಮ್ಮನ ಬಾಯಿಂದ ಬಂದದ್ದು ಬೇರೆಯೇ, ಡಾಕ್ಟರ ಮಾತಲ್ಲ, ಅಕ್ಕ, ಆವತ್ತ ನಾ ನೀ ಹೇಳೂತನಕ ಕಾಯಲಿಲ್ಲ, ಇಲ್ಲ ಅಂತ ನಾನೇ ಬರದೆ — ಹೇಳಿ ಕಾದಳು, ಬೈಯಲಿ, ಒಂದು ಸಲ ಕೆನ್ನೆಗೆ ಹೊಡೆಯಲಿ, ಪಕ್ಕದ ಸೀಟಿನ ಹೆಂಗಸು ಕಿವಿಗೊಟ್ಟರೂ ಚಿಂತೆಯಿಲ್ಲ. ಅಕ್ಕ ನಿಧಾನಕ್ಕೆ ತಲೆ ಎತ್ತಿ ಕೂತಳು, ಎಲುಬು ನೋವಿಗೆ ಹಲ್ಲು ಕಚ್ಚಿದಳು, ಕಿಟಕಿಯ ಆಚೆ ನೋಡುತ್ತ ಹೇಳಿದಳು. ಗೊತ್ತದ. ನೀ ಗಂಟು ಅಂದಿದ್ದ ಕೇಳ್ಸಿತ್ತು ನಂಗ. ಮೊರ ಕೆಳಗ ಇಟ್ಟು ಸೆರಗಿಗಿ ಕೈ ಹಾಕಿದ್ದೆ, ನೀ ತಲಿ ಎತ್ತಿದ್ರ ಒಳಗ ಕರ್ದು ತೋರಸ್ತಿದ್ದೆ. ನೀ ಎತ್ತಲಿಲ್ಲ. ಆಮ್ಯಾಗ, ಭೀಮಿನೇ ಇಲ್ಲ ಅಂತ ಬರದಾಳ ಅಂದ ಮ್ಯಾಲ ಇರಲಿಕ್ಕಿಲ್ಲ ಅಂತ ನಾನೂ ಸುಮ್ಕಾದೆ. ಸಿಟ್ಟಿಲ್ಲದ ದನಿ, ನಿನ್ನೆಯ ಸಾರಿಗೆ ಉಪ್ಪು ಕಡಿಮೆಯಿತ್ತು ಅನ್ನುವಷ್ಟೇ. ಭಾಳ ಮನಿ ಇದ್ದವು ನಿಂಗ ಆವತ್ತ, ಅಂದಳು. ಮತ್ತೆ, ಸೋಮವಾರ ಬಾ ಅಂದಾರಂತಲ್ಲ, ನಾ ಬರಂಗಿಲ್ಲ, ಮನ್ಯಾಗ ಇರ್ತೀನಿ, ನೋವಿಗಿ ಗುಳಿಗಿ ತಪ್ಪದೆ ತಂದು ಕೊಡು, ನಿಮ್ ಭಾವಗ ನೀನೇ ಹೇಳು, ಅಂವ ಅಂಜ್ತಾನ. ಭಾವ ಬಂದ, ಕಾಗದದ ಮೂರು ಲೋಟ ಚಹಾ, ಬೆರಳು ಸುಟ್ಟುಕೊಂಡು, ಅಕ್ಕ ಒಂದು ಲೋಟ ತೆಗೆದುಕೊಂಡು ಊದಿದಳು, ರೈಲು ಜಗ್ಗಿತು, ಹೊರಟಿತು, ಚಿತ್ತಾಪುರ ಇನ್ನೇನು, ಬಸ್ಸು ಹಿಡಿಯಬೇಕು, ಗುಳಿಗೆಗೆ ಬರೆಸಿಕೊಳ್ಳಬೇಕು, ಭಾವನಿಗೆ ಹೇಳಬೇಕು, ಶ್ರುತಿಗೆ ಫೋನು — ಯಾವುದೂ ಮುಂದಕ್ಕೆ ಹೋಗುವುದಿಲ್ಲ, ಆವತ್ತಿನ ಫಾರ್ಮಿನ ಕಾಗದ, ಕಾಗದದ ಆಚೆ ನೆಲದ ಮೇಲೆ ಇಟ್ಟ ಮೊರ, ಸದ್ದು ನಿಂತಿದೆ, ಹೌದು ನಿಂತಿತ್ತು, ಮೊರದ ಆಚೆ ಹಸಿರು ಬಳೆಯ ಕೈ, ತೊಗರಿಯ ಧೂಳು ಮೆತ್ತಿದ ಎರಡು ಬೆರಳು ಸೆರಗಿನ ಅಂಚು ಹಿಡಿದಿವೆ, ಇಷ್ಟೇ ಸರಿಸಿವೆ, ಕಾಯುತ್ತಿವೆ, ಪೆನ್ನು ಮುಂದಿನ ಸಾಲಿಗೆ, ಎರಡು ಬೆರಳು, ಸೆರಗಿನ ಅಂಚು, ಇನ್ನೂ ಹಿಡಿದೇ ಇವೆ, ಎರಡು ಬೆರಳು