ತಿರುವಿಗೊಂದು ಹೆಸರು

ಊಟದ ನಂತರ ಆಂಬುಲೆನ್ಸ್‌ನಲ್ಲಿ ಬರುತ್ತದಲ್ಲ, ಅದು ಹಾಳು ನಿದ್ದೆ. ಕಳಸದಿಂದ ಮೂಡಿಗೆರೆಗೆ ದಾರಿಯುದ್ದಕ್ಕೂ ತಿರುವು. ಡ್ರೈವರ್ ಸುರೇಂದ್ರನಿಗೆ ಕಣ್ಣು ಹತ್ತಿತೋ, ಎಲ್ಲರ ಕಥೆ ಮುಗಿದಂತೆಯೇ. ಅದಕ್ಕೇ ಖಾಲಿ ಗಾಡಿಯಲ್ಲಿ ವಾಪಸಾಗುವಾಗ ಅವನೂ ನರ್ಸ್ ನಜ್ಮಾಳೂ ಒಂದು ಆಟ ಕಟ್ಟಿಕೊಂಡಿದ್ದರು. ತಿರುವು ಬಂದ ಹಾಗೆ, ಅಲ್ಲಿ ತಮ್ಮ ಗಾಡಿಯೊಳಗೆ ಹುಟ್ಟಿದವರ, ಸತ್ತವರ ಹೆಸರು ಹೇಳಬೇಕು. ತಡವರಿಸಿದವರು ಕಾಫಿ ಕೊಡಿಸಬೇಕು.

ಇವತ್ತು ಗಾಡಿ ಖಾಲಿಯಿರಲಿಲ್ಲ. ತೋಟದಲ್ಲಿ ಜಾರಿ ಕಾಲು ಮುರಿದುಕೊಂಡ ಭಾಗಮ್ಮ ಇಂಜೆಕ್ಷನ್ನಿನ ಮಂಪರಿನಲ್ಲಿ ಮಲಗಿದ್ದಳು, ಪಕ್ಕದಲ್ಲಿ ಮಗಳು ಅರುಣಾ. ಎರಡು ಪಾಳಿ ಒಟ್ಟಿಗೇ ಮಾಡಿದ್ದ ಸುರೇಂದ್ರನಿಗೂ ನಜ್ಮಾಳಿಗೂ ಅದರ ಪರಿವೆಯೇ ಇರಲಿಲ್ಲ.

“ಸಿದ್ದೀಕಾಳ ಅವಳಿ ಮಕ್ಕಳು,” ಎಂದ ಸುರೇಂದ್ರ ಮುಂದಿನಿಂದ.

ಮುಂದಿನ ತಿರುವು ನಜ್ಮಾಳದು. “ಬಾಳೂರಿನ ಮೇಸ್ತ್ರಿ ಬೆಳ್ಳಿಯಪ್ಪ.”

ಅರುಣಾ ತಲೆಯೆತ್ತಿದಳು. “ನಮ್ಮಪ್ಪನ ಹೆಸರು ಯಾಕೆ ಹೇಳಿದ್ರಿ ಸಿಸ್ಟರ್?”

“ಇಲ್ಲೇ ಹೋಗಿದ್ದು ಅವ್ರು,” ಎಂದಳು ನಜ್ಮಾ, ಬಿಪಿ ಎಷ್ಟೆಂದು ಹೇಳುವ ದನಿಯಲ್ಲೇ.

“ಆಸ್ಪತ್ರೇಲಿ ಡಾಕ್ಟ್ರು ನೋಡ್ತಾ ಇರುವಾಗ ಹೋದ್ರು ಅಂತ ನೀವೇ ಹೇಳಿದ್ರಲ್ಲ?”

ಹೇಳಿದ್ದು ಹೌದು. ಎಲ್ಲರ ಮನೆಯವರಿಗೂ ಹಾಗೇ ಹೇಳುತ್ತಿದ್ದಳು. ಸುರೇಂದ್ರ ಕನ್ನಡಿಯಲ್ಲೊಮ್ಮೆ ನೋಡಿ ಕಣ್ಣು ತಪ್ಪಿಸಿದ. ಎದೆಯಲ್ಲಿ ಏನಾದರೂ ಚುಚ್ಚೀತೆಂದು ನಜ್ಮಾ ಕಾದಳು. ಏನೂ ಆಗಲಿಲ್ಲ. ಅರುಣಾ ಅವಳ ಮುಖವನ್ನೇ ನೋಡುತ್ತ ಕೂತಿದ್ದಳು.

ಗಾಡಿ ಇನ್ನೊಂದು ತಿರುವಿಗೆ ವಾಲಿತು. ನಜ್ಮಾಳ ಬಾಯಿ ತಾನಾಗಿಯೇ ಅಲ್ಲಿಯ ಹೆಸರು ಹೇಳಿತು.