ಗಾಳಿಗೆ ಆರದ ಬೆಂಕಿ

ಪುಣೆಯ ಬಿಬವೇವಾಡಿ ಮಾರ್ಕೆಟ್ಟಿನಲ್ಲಿ ಸಾವಂತ್ರವ್ವನ ಅಂಗಡಿಗೆ ಬರುವವರು ಹೆಚ್ಚಾಗಿ ಕಟ್ಟಡ ಕೆಲಸದವರು. ಹಗ್ಗ, ತಾಡಪತ್ರಿ, ಬುಟ್ಟಿ, ಸಲಿಕೆ, ಇಷ್ಟೇ ಅಲ್ಲಿಯ ಸಾಮಾನು. ಅವಳೂ ಆಳಂದದ ಕಡೆಯಿಂದ ಗಂಡನ ಜೊತೆ ಪುಣೆಗೆ ಗಾರೆ ಕೆಲಸಕ್ಕೆ ಬಂದವಳೇ. ಗಂಡ ತೀರಿಕೊಂಡ ಮೇಲೆ ತಲೆಯ ಮೇಲಿನ ಬುಟ್ಟಿ ಇಳಿಸಿ ಅದೇ ಬುಟ್ಟಿಗಳನ್ನು ಮಾರಲು ಕುಳಿತಳು. ಊರು ಬಿಟ್ಟರೆ ಪುಣೆ, ಪುಣೆ ಬಿಟ್ಟರೆ ಪಂಢರಪುರ, ಬೇರೆ ಊರು ಅವಳು ಕಂಡಿರಲಿಲ್ಲ.

೨೦೦೨ರ ಮಳೆಗಾಲದ ಒಂದು ಮಧ್ಯಾಹ್ನ ಗಂಡಹೆಂಡತಿ ಇಬ್ಬರು ಸ್ಕೂಟರ್ ನಿಲ್ಲಿಸಿ ಒಳಗೆ ಬಂದರು. ಗಂಡಸು ಮರಾಠಿಯಲ್ಲಿ ನೈಲಾನ್ ಹಗ್ಗ ಕೇಳಿದ. ಸಾವಂತ್ರವ್ವ ಸುರುಳಿ ಎಳೆಯುತ್ತ, "ದಪ್ಪಂದು ಅಟ್ಟದ ಮ್ಯಾಲೆ ಅದ, ಈಗ ಏಣಿ ಎಲ್ಲಿ ಇಟ್ಟೀನೋ" ಎಂದು ತನ್ನಷ್ಟಕ್ಕೆ ಗೊಣಗಿಕೊಂಡಳು. ಅದನ್ನು ಕೇಳಿದ್ದೇ ಅವನ ಮುಖ ಅರಳಿತು.

"ನೀವು ಕನ್ನಡದವ್ರೇನ್ರಿ ಮಾವಶಿ? ನಾನು ಕಿಶೋರ. ಈಕಿ ಸ್ನೇಹಲ್, ನಮ್ಮ ಮನಿಯಾಕಿ. ನಾವೂ ಕನ್ನಡದವ್ರೇ."

"ಚೊಲೊ ಆತು ತಮ್ಮಾ. ಹಗ್ಗ ಯಾವುದಕ್ಕ ಬೇಕು? ಕಟ್ಟಡಕ್ಕ ಸಾರವಿ ಕಟ್ಟಾಕೇನು?"

"ದೋಣಿಗಿ ಬೇಕ್ರಿ."

ಸಾವಂತ್ರವ್ವ ಅವನ ಮುಖ ನೋಡಿದಳು. ಚೇಷ್ಟೆ ಮಾಡುವವನಂತೆ ಕಾಣಲಿಲ್ಲ. "ಪುಣ್ಯಾದಾಗ ದೋಣಿ ಎಲ್ಲದ?"

"ಕೋಥರೂಡದಾಗ ಅದ. ನಮ್ಮ ಸೊಸೈಟಿ ಪಾರ್ಕಿಂಗದಾಗ. ಸಮುದ್ರಕ್ಕ ಇಳಸಾಕಂತ ನಾವೇ ಕಟ್ಟಾಕತ್ತೀವಿ."

ಅವಳು ಹಗ್ಗ ಅಳೆದಳು. ನಂತರ ತನ್ನ ಪದ್ಧತಿಯಂತೆ ಸೀಮೆಎಣ್ಣೆ ಸ್ಟೋ ಹಚ್ಚಿ, ಹಳೆಯ ಕುಡುಗೋಲಿನ ತುಂಡನ್ನು ಕೆಂಪಗೆ ಕಾಯಿಸಿ ಹಗ್ಗದ ಮೇಲೆ ಒತ್ತಿದಳು. ಬೆಣ್ಣೆ ಕತ್ತರಿಸಿದಂತೆ ಹಗ್ಗ ಎರಡಾಯಿತು. ತುದಿಯ ಎಳೆಗಳೆಲ್ಲ ಕರಗಿ ಒಂದಕ್ಕೊಂದು ಅಂಟಿ ಗಟ್ಟಿ ಗುಂಡಿಯಂತಾದವು. ಸ್ನೇಹಲ್ ಆ ತುದಿಯನ್ನು ಬೆರಳಲ್ಲಿ ಸವರಿ ನೋಡಿದಳು.

"ನಾವು ಚಾಕುಲೇ ಕೊಯ್ತೀವ್ರಿ. ಮರುದಿನಾನೇ ಎಳಿ ಬಿಚ್ಚಿ ಜುಟ್ಟಾಗಿರ್ತದ" ಎಂದಳು. "ಆದ್ರ ದೋಣ್ಯಾಗ ಸ್ಟೋ ಹಚ್ಚಾಕ ಆಗಂಗಿಲ್ಲ. ಪ್ಲಗ್ಗಂತೂ ಇರಂಗೇ ಇಲ್ಲ. ಹಗ್ಗನೂ ಕೊಯ್ಯಬೇಕು, ವಾಯರಿಗೆ ಬೆಸಿಗಿನೂ ಹಾಕಬೇಕು, ಅಂಥಾದ್ದೊಂದು ಕಾಯೋ ಸಾಮಾನು ಹುಡುಕಾಕತ್ತೀವಿ. ಹೊರದೇಶದ್ದು ಭಾಳ ತುಟ್ಟಿ."

ಸ್ನೇಹಲ್ ಚಾಕಣದ ಕಡೆ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ವಾಯರುಗಳಿಗೆ ಬೆಸುಗೆ ಹಾಕುವ ಕೆಲಸದಲ್ಲಿದ್ದಳು. ಕಿಶೋರ ಅಲ್ಲಿಯೇ ಸ್ಟೋರಿನ ಗುಮಾಸ್ತ. ಇಬ್ಬರ ಸಂಬಳದಲ್ಲಿ ಉಳಿದದ್ದೆಲ್ಲ ದೋಣಿಯ ಹಲಗೆಗೆ ಹೋಗುತ್ತಿತ್ತು.

ಆ ರವಿವಾರ ಸಾವಂತ್ರವ್ವ ಅಂಗಡಿ ಮುಚ್ಚಿ ಸಿಟಿ ಬಸ್ಸು ಹತ್ತಿ ಕೋಥರೂಡಕ್ಕೆ ಹೋದಳು. ದೋಣಿಯನ್ನು ಕಣ್ಣಾರೆ ನೋಡದೆ ಅವಳಿಗೆ ಸಮಾಧಾನವಿರಲಿಲ್ಲ.

ನಾಲ್ಕಂತಸ್ತಿನ ಕಟ್ಟಡದ ಕೆಳಗೆ, ಸ್ಕೂಟರುಗಳ ಸಾಲಿನ ಪಕ್ಕದಲ್ಲಿ ಅದು ಮರದ ಕಾಲುಗಳ ಮೇಲೆ ನಿಂತಿತ್ತು. ಅವಳು ಎಣಿಸಿದ್ದಕ್ಕಿಂತ ಬಹಳ ದೊಡ್ಡದು. ಒಂದು ಟೆಂಪೊದಷ್ಟು ಉದ್ದ. ಹಲಗೆಗಳು ಒಂದೊಂದಾಗಿ ಬಾಗಿ ಮುಂದೆ ಹೋಗಿ ಒಂದೇ ಕಡೆ ಸೇರಿದ್ದವು. ನೆಟ್ಟಗಿದ್ದ ಹಲಗೆ ಹೀಗೆ ಬಾಗಬೇಕಾದರೆ ಎಷ್ಟು ತಾಳ್ಮೆ ಬೇಕೆಂದು ಅವಳು ಯೋಚಿಸಿದಳು. ಜೀವಮಾನವೆಲ್ಲ ಅವಳು ನೋಡಿದ್ದು ಗೋಡೆ, ಮೂಲೆ, ಕಂಬ. ಇದರಲ್ಲಿ ಎಲ್ಲಿಯೂ ಒಂದು ನೇರ ಗೆರೆ ಇರಲಿಲ್ಲ. ಅಂಗೈಯಿಂದ ದೋಣಿಯ ಹೊಟ್ಟೆಯನ್ನು ಮುಟ್ಟಿ, ಗಬ್ಬದ ಎಮ್ಮೆಯ ಪಕ್ಕೆ ಮುಟ್ಟಿದವಳಂತೆ ಸ್ವಲ್ಪ ಹೊತ್ತು ಹಾಗೇ ನಿಂತಳು.

"ಹೋಗೂಣ ನಡೀರಿ" ಎಂದಳು ಕೊನೆಗೆ. "ಆ ಸಾಮಾನು ಎಲ್ಲಿ ಸಿಗ್ತದ, ನಾನೂ ನೋಡ್ತೀನಿ. ಹಗ್ಗ ನಂದೇ ಅಲ್ಲೇನು?"

ಮೂವರೂ ಮರುವಾರ ಕರೆಂಟಿನ ಸಾಮಾನು ಮಾರುವ ತಪಕೀರ ಗಲ್ಲಿಗೆ ಹೋದರು. ಬೇರೆ ಬೇರೆ ಅಂಗಡಿಗಳವರು ಪರಿಚಯದ ಮೇಲೆ ಪರೀಕ್ಷಿಸಿ ನೋಡಲು ಕೊಟ್ಟ ಮೂರು ಸಾಮಾನುಗಳೊಂದಿಗೆ ಸೊಸೈಟಿಗೆ ಮರಳಿದರು. ಕಿಶೋರ ಮೇಜಿನ ಮೇಲೆ ಪರೀಕ್ಷೆ ಮಾಡಲು ಹೊರಟಾಗ ಸಾವಂತ್ರವ್ವ ತಡೆದಳು.

"ದೋಣ್ಯಾಗ ಗಾಳಿ ಇರ್ತದೋ ಇಲ್ಲೋ? ಮ್ಯಾಲೆ ಮಾಳಿಗಿಗಿ ನಡೀ."

ಮಳೆ ನಿಂತಿತ್ತು, ಆದರೆ ಟೆರೇಸಿನ ಮೇಲೆ ಸೀರೆಯ ಸೆರಗು ನಿಲ್ಲದಷ್ಟು ಗಾಳಿ. ಮೊದಲನೆಯದು ಗಾಡಿಯ ಬ್ಯಾಟರಿಗೆ ಜೋಡಿಸುವ ಸೋಲ್ಡರಿಂಗ್ ಐರನ್. ಎಲ್ಲಕ್ಕಿಂತ ಅಗ್ಗ. ತೆಳು ವಾಯರಿಗೆ ಬೆಸುಗೆ ಹಾಕಿತು, ಆದರೆ ದಪ್ಪ ಹಗ್ಗದಲ್ಲಿ ಅರ್ಧಕ್ಕೇ ತಣ್ಣಗಾಗಿ ಕೂತಿತು. ದೋಣಿಯ ದೀಪಗಳೂ ಅದೇ ಬ್ಯಾಟರಿಯ ಮೇಲೆ ಉರಿಯಬೇಕೆಂದು ಸ್ನೇಹಲ್ ಅದನ್ನು ಬದಿಗಿಟ್ಟಳು. ಎರಡನೆಯದು ಗ್ಯಾಸಿನ ಪುಟ್ಟ ಟಾರ್ಚ್. ನೀಲಿ ಜ್ವಾಲೆ ಭುಸ್ಸೆಂದು ಎದ್ದು ಹಗ್ಗವನ್ನು ಕಪ್ಪಗೆ ಸುಟ್ಟಿತು, ಮತ್ತೊಮ್ಮೆ ಗಾಳಿ ಬೀಸಿದಾಗ ಆರಿಹೋಯಿತು.

ಮೂರನೆಯದು ದಪ್ಪ ಪೆನ್ನಿನಂತಿತ್ತು. ಚೀನಾದ ಮಾಲು. ಹಿಡಿಕೆಯೊಳಗೆ ಸಿಗರೇಟ್ ಲೈಟರಿನ ಗ್ಯಾಸ್ ತುಂಬಬೇಕು. ಸ್ನೇಹಲ್ ಹೊತ್ತಿಸಿದಾಗ ಒಂದು ಕ್ಷಣ ಜ್ವಾಲೆ ಕಂಡು ಮಾಯವಾಯಿತು.

"ಆರಿತು" ಎಂದಳು ಸಾವಂತ್ರವ್ವ.

"ಇಲ್ರಿ ಮಾವಶಿ. ಇಲ್ಲಿ ನೋಡ್ರಿ."

ತುದಿಯ ಪಕ್ಕದ ಸಣ್ಣ ಕಿಂಡಿಯೊಳಗೆ ಏನೋ ಕೆಂಪಗೆ ಬೆಳಗುತ್ತಿತ್ತು. ಜ್ವಾಲೆಯಿಲ್ಲ, ಹೊಗೆಯಿಲ್ಲ, ಸದ್ದೂ ಇಲ್ಲ. ಗಾಳಿ ಜೋರಾಗಿ ಬೀಸಿತು. ಆ ಕೆಂಪು ಅಲುಗಲಿಲ್ಲ. ಚಪ್ಪಟೆ ಅಲಗು ಸಿಕ್ಕಿಸಿದರೆ ಹಗ್ಗ ಕೊಯ್ಯುತ್ತಿತ್ತು, ಚೂಪು ಮೊನೆ ಸಿಕ್ಕಿಸಿದರೆ ಬೆಸುಗೆ. ಸಾವಂತ್ರವ್ವನಿಗೆ ತಿಳಿದಿದ್ದ ಬೆಂಕಿಗಳಿಗೆಲ್ಲ ನಾಲಿಗೆ ಇತ್ತು. ಒಲೆಯದು, ಸ್ಟೋದ್ದು, ಗಂಡನ ಚಿತೆಯದು ಕೂಡ. ನಾಲಿಗೆಯಿಲ್ಲದ ಬೆಂಕಿಯನ್ನು ಅವಳು ನೋಡಿದ್ದು ಅಂದೇ.

"ಇದನ್ನೇ ತಗೋರಿ" ಎಂದಳು.

ದೀಪಾವಳಿ ಮುಗಿದ ಮೇಲೆ ದೋಣಿಯನ್ನು ಲಾರಿಗೆ ಏರಿಸಿ, ಘಟ್ಟ ಇಳಿಸಿ, ಕೊಂಕಣದ ಹರ್ಣೈ ಬಂದರಿಗೆ ಒಯ್ದರು. ಸಾವಂತ್ರವ್ವ ಡ್ರೈವರನ ಪಕ್ಕದಲ್ಲಿ ಕುಳಿತು ಹೋದಳು. ಬೆಳಗಿನ ಬಿಸಿಲಿನಲ್ಲಿ, ತೆಂಗಿನ ಮರಗಳ ಸಂದಿನಲ್ಲಿ ಸಮುದ್ರ ಕಂಡಾಗ ಅವಳು ಅದನ್ನು ಆಕಾಶವೆಂದೇ ತಿಳಿದಳು. ಅದರ ಮೇಲೆ ಒಂದು ಮೀನುದೋಣಿ ಚಲಿಸಿದ ಮೇಲೆಯೇ ಅವಳಿಗೆ ಗೊತ್ತಾದದ್ದು.

ಹಾಯಿ ಇನ್ನೂ ಹೊಲಿದಿರಲಿಲ್ಲ. ಆ ದಿನ ಮೋಟರಿನ ಮೇಲೆಯೇ ಸ್ವಲ್ಪ ದೂರ ಹೋಗಿ ಬರುವುದೆಂದು ಮಾತಾಗಿತ್ತು. ಮೀನುಗಾರರು ಕೈಹಚ್ಚಿ ದೋಣಿಯನ್ನು ನೀರಿಗೆ ತಳ್ಳಿದರು. ಪಾರ್ಕಿಂಗಿನಲ್ಲಿ ಕಲ್ಲಿನಂತೆ ಕುಳಿತಿದ್ದದ್ದು ನೀರು ಮುಟ್ಟಿದ ಕೂಡಲೇ ಹಗುರಾಗಿ ತಲೆ ಎತ್ತಿತು. ಮೂವರೂ ಹತ್ತಿದರು. ಕಿಶೋರ ಹಗ್ಗ ಎಳೆದು ಮೋಟರು ಚಾಲೂ ಮಾಡಿದ. ದಂಡೆ ಹಿಂದೆ ಸರಿಯಿತು.

ಕರಿ ಬಂಡೆಗಳ ಸಾಲನ್ನು ದಾಟುವಷ್ಟರಲ್ಲಿ ಮೋಟರು ಕೆಮ್ಮಿ ನಿಂತಿತು. ಕಿಶೋರ ಎಷ್ಟು ಎಳೆದರೂ ಏಳಲಿಲ್ಲ. ಗಾಳಿ ಸಮುದ್ರದಿಂದ ದಂಡೆಯ ಕಡೆಗಿತ್ತು. ದೋಣಿ ಸುಮ್ಮನೆ ಅಡ್ಡ ತಿರುಗಿ ಬಂಡೆಗಳತ್ತ ಹೊರಟಿತು. ಅವನು ಲಂಗರು ಎಸೆದ. ಅದು ನೆಲ ಹಿಡಿಯಿತು, ಮತ್ತೆ ಜಾರಿತು, ಮತ್ತೆ ಹಿಡಿಯಿತು.

ಸ್ನೇಹಲ್ ಮೋಟರಿನ ಮುಚ್ಚಳ ತೆಗೆದಳು. "ವಾಯರ್ ಬುಡದಾಗೇ ಹರದದ. ಗಂಟು ಹಾಕಾಕ ಎಳೀನೇ ಉಳಿದಿಲ್ಲ. ಬೆಸಿಗಿ ಹಾಕಬೇಕು."

ಅವಳು ಪೆಟ್ರೋಲಿನ ಪೈಪು ಕಳಚಿ ಡಬ್ಬಿಯನ್ನು ಆ ಕಡೆಯ ತುದಿಗೆ ಇಡಿಸಿದಳು. ವಾಸನೆ ಹೋಗುವವರೆಗೆ ಕಾಯಬೇಕಿತ್ತು. ಬಂಡೆಗಳಿಗೆ ಅಲೆ ಬಡಿಯುವ ಸದ್ದು ಹತ್ತಿರವಾಗುತ್ತಿದ್ದಾಗ ಕಾಯುವುದು ಎಂಥ ಕಷ್ಟವೆಂದು ಮೂವರಿಗೂ ತಿಳಿಯಿತು. ಕೊನೆಗೆ ಅವಳು ಆ ಪೆನ್ನಿನಂಥ ಐರನ್ ಹೊತ್ತಿಸಿದಳು. ಕಿಂಡಿ ಕೆಂಪಾಯಿತು. ಮೊನೆಯನ್ನು ಬೆಸುಗೆಯ ಸೀಸದ ತಂತಿಗೆ ತಾಗಿಸಿದಳು. ತಂತಿ ಕರಗಲಿಲ್ಲ.

"ಬೆಂಕಿ ಆರಿಲ್ಲ. ಆದ್ರ ಗಾಳಿ ಮೊನಿ ತಣ್ಣಗ ಮಾಡಾಕತ್ತದ" ಎಂದಳು. ಅವಳ ದನಿ ಮೊದಲ ಸಲ ಸಣ್ಣಗಾಗಿತ್ತು.

ಸಾವಂತ್ರವ್ವ ದೋಣಿಯ ಅಂಚು ಹಿಡಿದು, ಮೊಣಕಾಲೂರಿ ಹಿಂದಕ್ಕೆ ಬಂದಳು. ಸಾಮಾನಿಗೆ ಹೊದಿಸಿದ್ದ ತಾಡಪತ್ರಿ ಎಳೆದು ತನ್ನ ಬೆನ್ನ ಮೇಲೆ ಹಾಕಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ಎರಡೂ ತೋಳು ಅಗಲಿಸಿ ಸ್ನೇಹಲ್‌ಳನ್ನೂ ಮೋಟರನ್ನೂ ಸೇರಿಸಿ ಮುಚ್ಚಿದಳು.

"ಹಾಕು ತಂಗಿ. ನಾ ಹಿಡದೀನಿ."

ಒಳಗೆ ಅರೆಗತ್ತಲು. ದೋಣಿ ಏಳುತ್ತಿತ್ತು, ಬೀಳುತ್ತಿತ್ತು. ತಾಡಪತ್ರಿಯ ಮೇಲೆ ನೀರು ಅಪ್ಪಳಿಸಿ ಅವಳ ಕುತ್ತಿಗೆಯಲ್ಲಿ ಇಳಿಯಿತು. ಅವಳ ಮುಖದ ಮುಂದೆ ಗೇಣಿನಷ್ಟು ದೂರದಲ್ಲಿ ಆ ಕೆಂಪು ಚುಕ್ಕೆ ಬೆಳಗುತ್ತಿತ್ತು. ಇಷ್ಟು ನೀರಿನ ನಡುವೆ ಜೋಳದ ಕಾಳಿನಷ್ಟು ಬೆಂಕಿ. ಅವಳು ಉಸಿರು ಬಿಡಲೂ ಹೆದರಿದಳು. ಸ್ನೇಹಲ್ ಒಂದು ಮೊಣಕೈಯನ್ನು ಮೋಟರಿಗೆ ಊರಿ, ದೋಣಿ ಎದ್ದಾಗ ತಡೆದು, ಇಳಿದಾಗ ಮೊನೆ ತಾಗಿಸಿದಳು. ಬೂದು ತಂತಿ ಒಮ್ಮೆಲೇ ಮೆತ್ತಗಾಗಿ, ಬೆಳ್ಳಿಯ ಹನಿಯಾಗಿ, ವಾಯರಿನ ಸುತ್ತ ತಾನಾಗಿ ಹರಿದು ನಿಂತಿತು. ಕಲಿಸಿ ಕಳಿಸಿದಂತೆ ಅದು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗಿತ್ತು. ಸಾವಂತ್ರವ್ವ ಕಣ್ಣು ಮಿಟುಕಿಸಲಿಲ್ಲ.

"ಆತು" ಎಂದಳು ಸ್ನೇಹಲ್.

ಐರನ್ ಆರಿಸಿ, ಅದು ಪೂರಾ ತಣ್ಣಗಾದ ಮೇಲೆಯೇ ಪೆಟ್ರೋಲ್ ಪೈಪು ಜೋಡಿಸಿದರು. ಕಿಶೋರ ಎಳೆದ. ಮೋಟರು ಗುರುಗುಟ್ಟಿ ಸುಮ್ಮನಾಯಿತು. ಮತ್ತೊಮ್ಮೆ ಎಳೆದಾಗ ಎದ್ದಿತು. ಲಂಗರು ಮೇಲೆ ಬರುವ ಹೊತ್ತಿಗೆ ಬಂಡೆಗಳ ಮೇಲಿನ ಚಿಪ್ಪುಗಳು ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದವು. ದೋಣಿ ತಿರುಗಿ, ಅಲೆ ಸೀಳಿ, ನಿಧಾನವಾಗಿ ದೂರವಾಯಿತು.

ಕಿಶೋರ ಕೈ ಒರೆಸಿಕೊಂಡು ಬಂದರಿನ ಕಡೆ ದೋಣಿ ತಿರುಗಿಸಹೋದ.

"ತಮ್ಮಾ" ಎಂದಳು ಸಾವಂತ್ರವ್ವ. "ಬೆಸಿಗಿ ಗಟ್ಟಿ ಅದನೋ?"

ಅವನು ಹೆಂಡತಿಯ ಕಡೆ ನೋಡಿದ. "ಗಟ್ಟಿ ಅದ" ಎಂದಳು ಸ್ನೇಹಲ್.

"ಹಂಗಾರ ಇನ್ನೊಂದೀಟು ಮುಂದ ಹೋಗೂಣು."

ಅವರು ಹೋದರು. ಮೀನುದೋಣಿಗಳು ಹಿಂದೆ ಉಳಿದವು, ನೀರಿನಲ್ಲಿ ನಿಂತಿದ್ದ ಕೋಟೆ ಹಿಂದೆ ಉಳಿಯಿತು, ತೆಂಗಿನ ಮರಗಳು ಒಂದು ಹಸಿರು ಗೆರೆಯಾದವು. ಇಲ್ಲಿ ಅಲೆ ಒಡೆಯುತ್ತಿರಲಿಲ್ಲ. ನೀರು ಉದ್ದುದ್ದಕ್ಕೆ ಉಬ್ಬಿ, ದೋಣಿಯನ್ನು ಮೆಲ್ಲಗೆ ಎತ್ತಿ, ಮೆಲ್ಲಗೆ ಇಳಿಸಿ, ಅವರ ಕಡೆ ನೋಡದೆ ತನ್ನ ದಾರಿ ಹಿಡಿದು ಹೋಗುತ್ತಿತ್ತು. ಸಾವಂತ್ರವ್ವ ಒದ್ದೆ ಸೀರೆಯಲ್ಲೇ ಎದ್ದು ನಿಂತು ಕಿಶೋರನ ಹೆಗಲು ಹಿಡಿದಳು. ಎತ್ತ ತಿರುಗಿದರೂ ನೋಟಕ್ಕೆ ತಡೆಯಿರಲಿಲ್ಲ.

"ಮುಂದ ಏನದ?"

"ನೀರೇ ಅದರಿ ಮಾವಶಿ. ಭಾಳ ದೂರ ನೀರೇ. ಆಮ್ಯಾಲೆ ಅರಬಸ್ತಾನ."

ಅವಳು ಬಗ್ಗಿ ಕೈಯನ್ನು ನೀರಿಗೆ ಇಳಿಸಿದಳು. ಅದು ಬೆಚ್ಚಗಿತ್ತು. ಬೆರಳುಗಳ ನಡುವೆ ಅದು ಹರಿದು ಹೋಗುವುದನ್ನು ನೋಡುತ್ತ, ಹಿಂದಿರುಗೋಣವೆಂದು ಹೇಳದೆ ಅವಳು ಹಾಗೇ ಕುಳಿತಳು.